ತಲೆಕೆಳಗಾದ ಗೋಪುರ, ನೆಟ್ಟಗಿರುವ ಲೋಕ

ಹಂಪಿಯ ವಿರೂಪಾಕ್ಷ ದೇವಸ್ಥಾನಕ್ಕೆ ಹೋದವರನ್ನು ಗೈಡುಗಳು ಹಿಂಭಾಗದ ಕತ್ತಲೆ ಕೋಣೆಯೊಂದಕ್ಕೆ ತಪ್ಪದೆ ಕರೆದೊಯ್ಯುತ್ತಾರೆ. ಗೋಡೆಯಲ್ಲೊಂದು ಸಣ್ಣ ಕಿಂಡಿ. ಅದರೊಳಗಿಂದ ತೂರಿದ ಬೆಳಕು ಎದುರಿನ ಗೋಡೆಯ ಮೇಲೆ ರಾಜಗೋಪುರದ ಚಿತ್ರ ಮೂಡಿಸುತ್ತದೆ. ಹೊರಗೆ ಒಂಬತ್ತು ಅಂತಸ್ತು, ಸುಮಾರು 50 ಮೀಟರ್ ಎತ್ತರ ನಿಂತಿರುವ ಗೋಪುರ ಇಲ್ಲಿ ಕಳಸ ಕೆಳಗೆ, ಬುಡ ಮೇಲೆ. ಪವಾಡವೇನೂ ಇಲ್ಲ. ಬೆಳಕು ನೇರವಾಗಿ ಸಾಗುತ್ತದೆ. ಕಳಸದಿಂದ ಹೊರಟ ಕಿರಣ ಕಿಂಡಿ ದಾಟಿ ಗೋಡೆಯ ಕೆಳಭಾಗಕ್ಕೆ ಬೀಳಲೇಬೇಕು, ಬುಡದಿಂದ ಹೊರಟದ್ದು ಮೇಲ್ಭಾಗಕ್ಕೆ. ಶಾಲೆಯಲ್ಲಿ ರಟ್ಟಿನ ಡಬ್ಬಕ್ಕೆ ಸೂಜಿಯಿಂದ ತೂತು ಮಾಡಿ ತೋರಿಸಿದ್ದು ಇದನ್ನೇ.

ಆ ಚಿತ್ರವನ್ನು ನೋಡಿ ಬೆರಗಾಗುವವರ ಕಣ್ಣೊಳಗೂ ಅದೇ ಕೆಲಸ ನಡೆದಿರುತ್ತದೆ. ಕಣ್ಣಿನ ಪಾಪೆಯೇ ಕಿಂಡಿ, ಹಿಂದಿನ ರೆಟಿನಾ ಎಂಬ ಪದರವೇ ಗೋಡೆ. ರೆಟಿನಾದ ಮೇಲೆ ಬೀಳುವ ಚಿತ್ರ ತಲೆಕೆಳಗಾಗಿಯೇ ಇರುತ್ತದೆ ಎಂದು 1604ರಲ್ಲಿ ಜೋಹಾನ್ಸ್ ಕೆಪ್ಲರ್ ಲೆಕ್ಕ ಹಾಕಿ ತೋರಿಸಿದ. ಗ್ರಹಗಳ ಕಕ್ಷೆ ದೀರ್ಘವೃತ್ತ ಎಂದ ಅದೇ ಕೆಪ್ಲರ್. ಸತ್ತ ಎತ್ತಿನ ಕಣ್ಣಿನ ಹಿಂಭಾಗದ ಪೊರೆಗಳನ್ನು ಕೆತ್ತಿ ತೆಗೆದು ಆ ಚಿತ್ರವನ್ನು ನೇರವಾಗಿಯೇ ನೋಡುವ ಬಗೆಯನ್ನು 1637ರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ ವಿವರಿಸಿದ. ಅಲ್ಲಿಗೆ ಭೌತಶಾಸ್ತ್ರದ ಪಾಲು ಮುಗಿಯಿತು. ಕಣ್ಣಿನ ಚಿತ್ರ ಬುಡಮೇಲಾಗಿದ್ದರೆ ಲೋಕ ನಮಗೇಕೆ ನೆಟ್ಟಗೆ ಕಾಣುತ್ತದೆ ಎಂಬುದು ಮನಶ್ಶಾಸ್ತ್ರದ ಪಾಲಿಗೆ ಉಳಿಯಿತು.

ಸಾಮಾನ್ಯವಾಗಿ ಸಿಗುವ ಉತ್ತರ: ಮಿದುಳು ಚಿತ್ರವನ್ನು ತಿರುಗಿಸಿಕೊಳ್ಳುತ್ತದೆ. ಕೇಳಲು ಸರಿಯೆನಿಸುವ ಈ ಮಾತಿನೊಳಗೇ ತೊಡಕಿದೆ. ತಿರುಗಿಸಿದ ಚಿತ್ರವನ್ನು ನೋಡುವವರು ಯಾರು? ತಲೆಯೊಳಗೆ ಪುಟ್ಟ ಪ್ರೇಕ್ಷಕನೊಬ್ಬ ಕೂತಿದ್ದಾನೆ ಎಂದರೆ ಅವನ ತಲೆಯೊಳಗೆ ಇನ್ನೊಬ್ಬನನ್ನು ಕೂರಿಸಬೇಕಾಗುತ್ತದೆ. ರೆಟಿನಾದಿಂದ ಆಚೆಗೆ ಚಿತ್ರವೆಂಬುದು ಸಾಗುವುದೇ ಇಲ್ಲ. ಅಲ್ಲಿರುವ ಸುಮಾರು 12 ಕೋಟಿ ಬೆಳಕುಗ್ರಾಹಿ ಕೋಶಗಳ ಸುದ್ದಿಯೆಲ್ಲ ಸುಮಾರು 10 ಲಕ್ಷ ನರತಂತುಗಳಿಗೆ ಅಡಕವಾಗಿ, ವಿದ್ಯುತ್ ಮಿಡಿತಗಳಾಗಿ ಮಿದುಳಿಗೆ ಹೋಗುತ್ತದೆ. ಮಿಡಿತಕ್ಕೆ ಮೇಲೂ ಇಲ್ಲ, ಕೆಳಗೂ ಇಲ್ಲ. ‘ಮೇಲೆ’ ಎಂದರೆ ಕೈ ಚಾಚಬೇಕಾದ ದಿಕ್ಕು, ಕತ್ತು ಎತ್ತಿದರೆ ಕಾಣುವ ಕಡೆ, ಕೈಬಿಟ್ಟ ವಸ್ತು ಯಾವ ಕಡೆಯಿಂದ ಬೀಳುತ್ತದೋ ಆ ಕಡೆ. ಕಣ್ಣಿನ ಸುದ್ದಿ ಮೈಯ ಚಲನೆಯೊಂದಿಗೆ ತಾಳೆಯಾದರೆ ಸಾಕು, ರೆಟಿನಾದಲ್ಲಿ ಚಿತ್ರ ಯಾವ ಭಂಗಿಯಲ್ಲಿ ಬಿದ್ದರೇನು.

ಇದನ್ನು ತನ್ನ ಮೇಲೆಯೇ ಪರೀಕ್ಷಿಸಿಕೊಂಡವನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರಾಟನ್. 1890ರ ದಶಕದಲ್ಲಿ ಲೋಕವನ್ನು ತಲೆಕೆಳಗಾಗಿ ತೋರಿಸುವ ಮಸೂರಗಳ ಕೊಳವೆಯನ್ನು ಬಲಗಣ್ಣಿಗೆ ಕಟ್ಟಿಕೊಂಡ, ಎಡಗಣ್ಣನ್ನು ಮುಚ್ಚಿದ. ರಾತ್ರಿ ಕೊಳವೆ ಬಿಚ್ಚಿದಾಗ ಎರಡೂ ಕಣ್ಣಿಗೆ ಪಟ್ಟಿ. ಮೊದಲ ಸಲ ಮೂರು ದಿನ, ಆಮೇಲೆ ಎಂಟು ದಿನ. ಶುರುವಿನಲ್ಲಿ ಎತ್ತಿದ ಕೈ ಇಳಿದಂತೆ, ಬಲಕ್ಕೆ ಚಾಚಿದ್ದು ಎಡಕ್ಕೆ ಹೋದಂತೆ ಕಾಣುತ್ತಿತ್ತು. ಸಣ್ಣಪುಟ್ಟ ಕೆಲಸಕ್ಕೂ ಪರದಾಟ. ದಿನ ಕಳೆದಂತೆ ಕೈಕಾಲು ಹಾದಿಗೆ ಬಂದವು. ಕೊನೆಗೆ ಕೊಳವೆ ಬಿಚ್ಚಿದಾಗ, ಹುಟ್ಟಿದಾಗಿನಿಂದ ನೋಡಿದ ಲೋಕವೇ ಅವನಿಗೆ ಗೊಂದಲವಾಗಿ ತೋರಿತು. ಎಂಟು ದಿನಕ್ಕೆ ಲೋಕ ಮತ್ತೆ ನೆಟ್ಟಗಾಯಿತು ಎಂದು ಈ ಕಥೆಗೆ ಬಾಲ ಕಟ್ಟುವವರಿದ್ದಾರೆ. ಅದು ಅತಿಶಯ. 1999ರಲ್ಲಿ ಜರ್ಮನಿಯ ಸಂಶೋಧಕರು ಇದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗ ಓಡಾಟ, ಕೈಕೆಲಸ ಬೇಗನೆ ಸುಧಾರಿಸಿದವು, ಆದರೆ ಕಂಡ ನೋಟ ತಿರುಗಿ ನೇರವಾಗಲಿಲ್ಲ. ಹೊಂದಿಕೊಂಡದ್ದು ಕಣ್ಣಿಗೂ ಮೈಗೂ ನಡುವಿನ ಒಪ್ಪಂದ.

ಕಣ್ಣು ಕ್ಯಾಮೆರಾದಂತೆ ಎಂದು ಹೇಳಿಕೊಡುವ ಪಾಠ ಇಲ್ಲಿಗೇ ನಿಂತುಬಿಟ್ಟರೆ ಅನ್ಯಾಯವಾಗುತ್ತದೆ. ಯಾಕೆಂದರೆ ಕ್ಯಾಮೆರಾ ಎಂದು ಅಳೆದರೆ ಕಣ್ಣು ಬಹಳ ಕಳಪೆ ಮಾಲು. ಈ ಸಾಲಿನ ಮಧ್ಯದ ಯಾವುದಾದರೂ ಒಂದು ಪದದ ಮೇಲೆ ದೃಷ್ಟಿ ನೆಟ್ಟು, ಕಣ್ಣು ಕದಲಿಸದೆ, ನಾಲ್ಕೈದು ಪದ ಆಚೆಗಿನದನ್ನು ಓದಲು ಯತ್ನಿಸಿ. ಅಲ್ಲೊಂದು ಪದವಿದೆ ಎಂದು ಗೊತ್ತಾಗುತ್ತದೆ, ಉದ್ದವೋ ಗಿಡ್ಡವೋ ಎಂದೂ ಹೇಳಬಹುದು. ಆದರೆ ಕೆಳಗೆ ಇಳಿಬಿದ್ದ ಒತ್ತಕ್ಷರ ಯಾವುದು, ಅದು ‘ಪ’ವೋ ‘ವ’ವೋ ಎಂದು ಕೇಳಿದರೆ ತಡವರಿಸುತ್ತೀರಿ. ಸ್ಪಷ್ಟವಾಗಿ ಕಾಣುವ ಜಾಗ ತೋಳು ಪೂರ್ತಿ ಚಾಚಿ ಹಿಡಿದ ಹೆಬ್ಬೆಟ್ಟಿನ ಉಗುರಿನಷ್ಟು ಅಗಲ, ಅಷ್ಟೇ. ಸುತ್ತಲಿನದೆಲ್ಲ ಮಸುಕು, ಅಂಚಿಗೆ ಹೋದಂತೆ ಬಣ್ಣವೂ ತೆಳು. ಹಾಗಿದ್ದೂ ಕೋಣೆ ಇಡೀ ಒಂದೇ ಸಮ ಸ್ಪಷ್ಟವಾಗಿದೆ ಎಂದು ನಮಗೆ ಖಾತ್ರಿ. ಬೇಕೆಂದ ಕಡೆಗೆ ಕಣ್ಣು ತಕ್ಷಣ ಹೊರಳುವುದರಿಂದ, ನೋಡಿದಲ್ಲೆಲ್ಲ ಸ್ಪಷ್ಟತೆಯೇ ಸಿಗುತ್ತದೆ. ನೋಡದ ಕಡೆ ಹೇಗಿದೆ ಎಂದು ತಿಳಿಯಲು ನೋಡಲೇಬೇಕಲ್ಲ.

ಹೀಗೆ ಕಣ್ಣು ಸೆಕೆಂಡಿಗೆ ಮೂರು ಸಲದಂತೆ ಜಿಗಿಯುತ್ತಿರುತ್ತದೆ. ಜಿಗಿತದ ಹೊತ್ತಿನಲ್ಲಿ ರೆಟಿನಾದ ಮೇಲೆ ಇಡೀ ದೃಶ್ಯ ಬಳಿದಂತೆ ಹರಿದುಹೋಗುತ್ತದೆ. ನಮಗದು ಕಾಣುವುದಿಲ್ಲ, ಮಿದುಳು ಆ ಕ್ಷಣದ ಸುದ್ದಿಯನ್ನು ತಗ್ಗಿಸಿಬಿಡುತ್ತದೆ. ಕನ್ನಡಿಯ ಮುಂದೆ ನಿಂತು ನಿಮ್ಮದೇ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು, ಮತ್ತೆ ಎಡಗಣ್ಣನ್ನು. ಕಣ್ಣುಗುಡ್ಡೆ ಚಲಿಸುವುದು ನಿಮಗೆ ಯಾವತ್ತೂ ಕಾಣದು. ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ಲೋಪ ಇದಕ್ಕಿಂತ ದೊಡ್ಡದು. ರೆಟಿನಾದ ನರತಂತುಗಳೆಲ್ಲ ಒಟ್ಟುಗೂಡಿ ಕಣ್ಣಿನಿಂದ ಹೊರಬೀಳುವ ಜಾಗದಲ್ಲಿ ಬೆಳಕುಗ್ರಾಹಿ ಕೋಶಗಳೇ ಇಲ್ಲ. ಅಂದರೆ ಪ್ರತಿ ಕಣ್ಣಿನ ನೋಟದಲ್ಲೂ ಒಂದು ತೂತಿದೆ. 1660ರ ದಶಕದಲ್ಲಿ ಫ್ರಾನ್ಸಿನ ಎಡ್ಮ್ ಮಾರಿಯೋಟ್ ಇದನ್ನು ಪತ್ತೆಹಚ್ಚುವವರೆಗೆ, ಸಾವಿರಾರು ವರ್ಷ ಕಣ್ಣಿನ ಬಗ್ಗೆ ಬರೆದ ಪಂಡಿತರ ಗಮನಕ್ಕೆ ಅದು ಬಂದಿರಲಿಲ್ಲ. ನೋಡಬೇಕೆಂದರೆ ಎರಡೂ ತೋಳು ಮುಂದಕ್ಕೆ ಚಾಚಿ, ಹೆಬ್ಬೆರಳುಗಳನ್ನು ಮೇಲ್ಮುಖವಾಗಿ ಜೋಡಿಸಿ ಹಿಡಿಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ದಿಟ್ಟಿಸುತ್ತ, ಬಲ ಹೆಬ್ಬೆರಳನ್ನು ನಿಧಾನವಾಗಿ ಬಲಕ್ಕೆ ಸರಿಸುತ್ತ ಹೋಗಿ. ದೃಷ್ಟಿ ಎಡ ಬೆರಳಿನಿಂದ ಕದಲಬಾರದು. ಒಂದು ಗೇಣಿಗಿಂತ ಕೊಂಚ ಕಡಿಮೆ ದೂರ ಸರಿದಾಗ ಬಲ ಹೆಬ್ಬೆರಳಿನ ತುದಿ ಮಾಯವಾಗುತ್ತದೆ. ಇನ್ನೂ ಸರಿಸಿದರೆ ಮತ್ತೆ ಬರುತ್ತದೆ.

ಬೆರಳು ಮಾಯವಾದದ್ದಕ್ಕಿಂತ, ಅದರ ಜಾಗದಲ್ಲಿ ಏನು ಕಂಡಿತು ಎಂಬುದನ್ನು ಗಮನಿಸಿ. ಕಪ್ಪು ಚುಕ್ಕೆಯಲ್ಲ, ಖಾಲಿ ಗುಂಡಿಯಲ್ಲ. ಹಿಂದೆ ಸುಣ್ಣದ ಗೋಡೆಯಿದ್ದರೆ ಸುಣ್ಣದ ಗೋಡೆ. ಪಟ್ಟೆ ಪಟ್ಟೆ ಪರದೆಯಿದ್ದರೆ ಪಟ್ಟೆಗಳು ಅಲ್ಲೂ ಮುಂದುವರಿದಿರುತ್ತವೆ. ಆ ಜಾಗದಿಂದ ಮಿದುಳಿಗೆ ಯಾವ ಸುದ್ದಿಯೂ ಬಂದಿಲ್ಲ, ಆದರೂ ನಿಮ್ಮ ಕಣ್ಣೆದುರು ಗೋಡೆಯಿದೆ. ಇದನ್ನು ತುಂಬಿದವರು ಯಾರು?

ನೆಟ್‌ವರ್ಕ್ ಸರಿಯಿಲ್ಲದಾಗ ಬಂದ ಫೋನ್ ಕರೆಯಲ್ಲಿ ಮಾತು ತುಂಡುತುಂಡಾಗಿ ಕೇಳಿದರೂ ಮನೆಯವರು ಏನು ಹೇಳುತ್ತಿದ್ದಾರೆಂದು ತಿಳಿದುಬಿಡುತ್ತದೆ. ಹೇಳುವವರು ಯಾರು, ಈ ಹೊತ್ತಿಗೆ ಏನು ಹೇಳಿಯಾರು ಎಂಬುದು ಮೊದಲೇ ಗೊತ್ತಿರುವುದರಿಂದ ಬಿಟ್ಟುಹೋದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ನೋಟವೂ ಇದೇ ಬಗೆಯದು ಎಂದು 19ನೇ ಶತಮಾನದಲ್ಲಿ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ವಾದಿಸಿದ. ಕಣ್ಣು ಕಳಿಸುವುದು ಅರ್ಧಂಬರ್ಧ ಸುಳಿವು. ಆ ಸುಳಿವಿಗೆ ಹೊರಗೆ ಏನಿದ್ದರೆ ಹೊಂದುತ್ತದೆ ಎಂದು ಮಿದುಳು ನಮಗೆ ಅರಿವಿಲ್ಲದೆಯೇ ಊಹಿಸುತ್ತದೆ. ಆ ಊಹೆಯೇ ನಮಗೆ ಕಾಣುವುದು. ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಕಂಡ ದೃಷ್ಟಾಂತ ನಮ್ಮ ವೇದಾಂತಿಗಳಿಗೆ ಅಚ್ಚುಮೆಚ್ಚು. ಅವರ ಆಸಕ್ತಿ ಹಾವಿನ ಮೇಲೆ, ಅಂದರೆ ತಪ್ಪಿನ ಮೇಲೆ. ಹೆಲ್ಮ್‌ಹೋಲ್ಟ್ಸನ ಮಾತು ಇನ್ನೂ ಒಂದು ಹೆಜ್ಜೆ ಮುಂದಿನದು: ದೀಪ ತಂದಮೇಲೆ ಹಗ್ಗವನ್ನು ಹಗ್ಗವೆಂದು ಕಂಡೆವಲ್ಲ, ಅದೂ ಊಹೆಯೇ. ಸುಳಿವು ಹೆಚ್ಚು ಸಿಕ್ಕಿತು, ಊಹೆ ಸರಿಹೋಯಿತು.

ಹಾಗಾದರೆ ಊಹೆ ಯಾವ ಲೆಕ್ಕಾಚಾರದ ಮೇಲೆ ನಡೆಯುತ್ತದೆ? ದೃಷ್ಟಿಭ್ರಮೆಯ ಚಿತ್ರಗಳು ಬರೀ ತಮಾಷೆಯಾಗಿ ಉಳಿಯದೆ ಪ್ರಯೋಗಶಾಲೆ ಸೇರಿದ್ದು ಈ ಪ್ರಶ್ನೆಗಾಗಿ. ಊಹೆ ಸರಿಯಿದ್ದಾಗ ಊಹೆ ಎಂದೇ ಗೊತ್ತಾಗುವುದಿಲ್ಲ; ಎಡವಿದಾಗ ಮಾತ್ರ ಅದರ ನಿಯಮ ಹೊರಬೀಳುತ್ತದೆ. ಒಂದು ನಿಯಮ, ಬೆಳಕು ಮೇಲಿನಿಂದ ಬರುತ್ತದೆ ಎಂಬುದು. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ಇದನ್ನು ಬಹಳ ಸರಳ ಚಿತ್ರಗಳಲ್ಲಿ ತೋರಿಸಿದರು. ಬೂದು ಹಿನ್ನೆಲೆಯ ಮೇಲೆ, ಮೇಲ್ಭಾಗ ಬೆಳ್ಳಗೆ ಕೆಳಭಾಗ ಕಪ್ಪಗೆ ಛಾಯೆ ಕೊಟ್ಟ ಚಪ್ಪಟೆ ವೃತ್ತ ಉಬ್ಬಿದ ಗುಂಡಿನಂತೆ ಕಾಣುತ್ತದೆ. ಅದೇ ವೃತ್ತವನ್ನು ತಿರುಗಿಸಿ ಇಟ್ಟರೆ ತಗ್ಗಾಗುತ್ತದೆ. ಮೇಲಿನಿಂದ ಬೆಳಕು ಬಿದ್ದ ಶಿಲಾಶಾಸನದ ಫೋಟೋ ಮೊಬೈಲಿನಲ್ಲಿದ್ದರೆ ಅದನ್ನು ತಲೆಕೆಳಗು ಮಾಡಿ ನೋಡಿ. ಕಲ್ಲಿನಲ್ಲಿ ಕೊರೆದ ಅಕ್ಷರಗಳು ಎಷ್ಟೋ ಸಲ ಕಲ್ಲಿನಿಂದ ಮೇಲೆದ್ದಂತೆ ಕಾಣತೊಡಗುತ್ತವೆ. ಕಲ್ಲು ಬದಲಾಗಲಿಲ್ಲ, ನೆರಳಿನ ಜಾಗ ಬದಲಾಯಿತು. ಸೂರ್ಯ ಯಾವಾಗಲೂ ನೆತ್ತಿಯ ಕಡೆಯೇ ಇರುವ ಲೋಕದಲ್ಲಿ ಇದು ಒಳ್ಳೆಯ ನಿಯಮ.

ನೆರಳನ್ನು ಕಳೆದು ನೋಡು ಎಂಬುದು ಇನ್ನೊಂದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಎಡ್ವರ್ಡ್ ಆಡೆಲ್ಸನ್ 1995ರಲ್ಲಿ ರಚಿಸಿದ ಚದುರಂಗದ ಹಾಸಿನ ಚಿತ್ರದಲ್ಲಿ ಸಿಲಿಂಡರ್ ಒಂದರ ನೆರಳು ಕೆಲವು ಮನೆಗಳ ಮೇಲೆ ಬಿದ್ದಿದೆ. ನೆರಳಿನಾಚೆಯ ‘ಕಪ್ಪು’ ಮನೆ ಮತ್ತು ನೆರಳಿನೊಳಗಿನ ‘ಬಿಳಿ’ ಮನೆ, ಎರಡರ ಬೂದುಬಣ್ಣವೂ ನಿಜದಲ್ಲಿ ಒಂದೇ. ಉಳಿದದ್ದನ್ನು ಕಾಗದದಿಂದ ಮುಚ್ಚಿದರೆ ಒಪ್ಪಿಕೊಳ್ಳುತ್ತೀರಿ, ಕಾಗದ ತೆಗೆದ ಕೂಡಲೇ ಮತ್ತೆ ಬೇರೆಬೇರೆ. ಗೊತ್ತಿದ್ದರೂ ಕಾಣುವುದು ಬದಲಾಗದು. 2015ರ ಫೆಬ್ರವರಿಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರಿ ಜಗಳ ಹಚ್ಚಿದ ಆ ಉಡುಪಿನ ಫೋಟೋ ನೆನಪಿರಬಹುದು. ಕೆಲವರಿಗೆ ನೀಲಿ-ಕಪ್ಪು, ಕೆಲವರಿಗೆ ಬಿಳಿ-ಬಂಗಾರ. ಉಡುಪು ನಿಜಕ್ಕೂ ನೀಲಿ-ಕಪ್ಪೇ. ಅದು ನೀಲಿ ಛಾಯೆಯ ನೆರಳಿನಲ್ಲಿದೆ ಎಂದು ಯಾರ ಮಿದುಳು ಊಹಿಸಿತೋ ಅದು ನೀಲಿಯನ್ನು ಕಳೆದು ಬಿಳಿಯನ್ನು ತೋರಿಸಿತು. ಹಳದಿ ದೀಪದ ಕೆಳಗಿದೆ ಎಂದು ಊಹಿಸಿದ್ದು ನೀಲಿಯನ್ನು ಉಳಿಸಿಕೊಂಡಿತು. ಒಂದೇ ಮನೆಯವರು ಒಬ್ಬರಿಗೊಬ್ಬರು ಕಣ್ಣು ಪರೀಕ್ಷೆ ಮಾಡಿಸಿಕೋ ಎಂದದ್ದು ಮಾತ್ರ ಅನಗತ್ಯ.

ಗಮನದ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ, ಆದರೆ ಗೊರಿಲ್ಲಾ ವಿಡಿಯೋ ಈಗಾಗಲೇ ಬಹಳ ಜನ ನೋಡಿದ್ದೀರಿ: 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ ಚೆಂಡಿನ ಪಾಸ್ ಎಣಿಸಲು ಹೇಳಿದಾಗ, ನಡುವೆ ಬಂದು ಎದೆ ತಟ್ಟಿಕೊಂಡು ಹೋದ ಗೊರಿಲ್ಲಾ ವೇಷದವರು ಸುಮಾರು ಅರ್ಧದಷ್ಟು ಜನಕ್ಕೆ ಕಾಣಲೇ ಇಲ್ಲ. ನನ್ನನ್ನು ಹೆಚ್ಚು ಕಾಡುವುದು 2013ರ ಪ್ರಯೋಗ. ಶ್ವಾಸಕೋಶದ ಸ್ಕ್ಯಾನ್‌ಗಳಲ್ಲಿ ಸಣ್ಣ ಗಂಟುಗಳನ್ನು ಹುಡುಕುತ್ತಿದ್ದ 24 ರೇಡಿಯಾಲಜಿಸ್ಟರ ಚಿತ್ರದಲ್ಲಿ, ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾವನ್ನು ಅಂಟಿಸಲಾಗಿತ್ತು. 20 ಮಂದಿ ಅದನ್ನು ಕಾಣಲಿಲ್ಲ. ಕಣ್ಣಿನ ಚಲನೆ ದಾಖಲಿಸುವ ಯಂತ್ರ ನೋಡಿದರೆ ಅವರಲ್ಲಿ ಹೆಚ್ಚಿನವರ ದೃಷ್ಟಿ ನೇರವಾಗಿ ಗೊರಿಲ್ಲಾದ ಮೇಲೆಯೇ ಬಿದ್ದಿತ್ತು. ಇದು ವೈದ್ಯರ ಅಜಾಗರೂಕತೆಯಲ್ಲ. ಅವರು ಅಷ್ಟು ಶ್ರದ್ಧೆಯಿಂದ ಗಂಟು ಹುಡುಕುತ್ತಿದ್ದುದರ ಬೆಲೆ.

ಊಹೆಯ ನಿಯಮಗಳು ಎಲ್ಲಿಂದ ಬಂದವು? ಹುಟ್ಟಿನಿಂದಲೇ ಇವೆಯೋ, ನೋಡಿ ನೋಡಿ ಕಲಿತದ್ದೋ? 1889ರಷ್ಟು ಹಳೆಯ ಮ್ಯುಲರ್-ಲಯರ್ ಚಿತ್ರ ಈ ಜಗಳದ ಕೇಂದ್ರ. ಒಂದೇ ಉದ್ದದ ಎರಡು ಗೆರೆ ಎಳೆಯಿರಿ. ಒಂದರ ಎರಡೂ ತುದಿಗೆ ಬಾಣದ ಮೊನೆ. ಇನ್ನೊಂದರ ತುದಿಗಳಲ್ಲಿ ಅದೇ ಮೊನೆಯನ್ನು ತಿರುಗಿಸಿ ಹೊರಕ್ಕೆ ಕವಲೊಡೆದಂತೆ ಎಳೆಯಿರಿ. ಎರಡನೆಯದು ಉದ್ದ ಕಾಣುತ್ತದೆ. ಗೋಡೆಗಳು ಸೇರುವ ಮೂಲೆಗಳ ನಡುವೆ ಬೆಳೆದ ಕಣ್ಣು, ಕವಲೊಡೆದ ಗೆರೆಯನ್ನು ಕೋಣೆಯ ದೂರದ ಮೂಲೆಯೆಂದು ಓದುತ್ತದೆ, ದೂರದ್ದು ಇಷ್ಟು ಉದ್ದ ಕಂಡರೆ ನಿಜದಲ್ಲಿ ಇನ್ನೂ ಉದ್ದವಿರಬೇಕು ಎಂದು ಹಿಗ್ಗಿಸುತ್ತದೆ ಎಂಬುದು ಒಂದು ವಿವರಣೆ. 1966ರಲ್ಲಿ ಮಾರ್ಷಲ್ ಸೀಗಾಲ್ ಮತ್ತು ಸಂಗಡಿಗರು ಹಲವು ಸಮಾಜಗಳಲ್ಲಿ ಈ ಚಿತ್ರ ತೋರಿಸಿದಾಗ ಅಮೆರಿಕದ ನಗರವಾಸಿಗಳು ಬಹಳ ಮೋಸಹೋದರು, ಆಫ್ರಿಕಾದ ಕಲಹಾರಿ ಮರುಭೂಮಿಯ ಸಾನ್ ಜನ ಬಹುತೇಕ ಮೋಸಹೋಗಲಿಲ್ಲ. ಚೌಕಾಕಾರದ ಕೋಣೆಗಳಲ್ಲಿ ಬದುಕಿ ಕಲಿತ ಭ್ರಮೆ ಎಂಬ ವಾದಕ್ಕೆ ಬಲ ಬಂತು.

ಇದನ್ನು ಅಲುಗಾಡಿಸಿದ ಸಾಕ್ಷ್ಯ ದೆಹಲಿಯಿಂದ ಬಂತು. ಅದರ ಬೇರು ಇನ್ನೂ ಹಳೆಯದು. 1688ರಲ್ಲಿ ಐರ್ಲೆಂಡಿನ ವಿಲಿಯಂ ಮಾಲಿನ್ಯೂ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಪತ್ರದಲ್ಲಿ ಒಂದು ಪ್ರಶ್ನೆ ಕೇಳಿದ್ದ. ಹುಟ್ಟುಕುರುಡರೊಬ್ಬರು ಗೋಳ ಮತ್ತು ಘನವನ್ನು ಮುಟ್ಟಿ ಗುರುತಿಸಲು ಬಲ್ಲರು. ದಿಢೀರನೆ ದೃಷ್ಟಿ ಬಂದರೆ, ಮುಟ್ಟದೆ ಬರೀ ನೋಡಿಯೇ ಯಾವುದು ಯಾವುದೆಂದು ಹೇಳಬಲ್ಲರೆ? ಮಾಲಿನ್ಯೂವಿನ ಹೆಂಡತಿ ಕುರುಡಿಯಾಗಿದ್ದಳು, ಪ್ರಶ್ನೆ ಬರೀ ಪುಸ್ತಕದ್ದಾಗಿರಲಿಲ್ಲ. ಮಾಲಿನ್ಯೂ, ಲಾಕ್ ಇಬ್ಬರೂ ‘ಇಲ್ಲ’ ಎಂದರು. ಕಟ್ಟುನಿಟ್ಟಾಗಿ ಪರೀಕ್ಷಿಸಲು ಮೂರು ಶತಮಾನ ಬೇಕಾಯಿತು. ಎಂಐಟಿಯ ಪವನ್ ಸಿನ್ಹಾ ಆರಂಭಿಸಿದ ‘ಪ್ರಾಜೆಕ್ಟ್ ಪ್ರಕಾಶ್’, ಹುಟ್ಟಿನಿಂದ ಕಣ್ಣಿನ ಪೊರೆ ಇದ್ದು ಬಡತನದಿಂದಲೋ ತಿಳಿಯದೆಯೋ ವರ್ಷಗಟ್ಟಲೆ ಚಿಕಿತ್ಸೆ ಸಿಗದ ಉತ್ತರ ಭಾರತದ ಮಕ್ಕಳನ್ನು ಹುಡುಕಿ ದೆಹಲಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. ಚಿಕಿತ್ಸೆಗೆ ಒಳಗಾದವರಲ್ಲಿ 8ರಿಂದ 17 ವರ್ಷದ ಐವರಿಗೆ, ಪಟ್ಟಿ ಬಿಚ್ಚಿದ ಎರಡು ದಿನದೊಳಗೆ ಮಾಲಿನ್ಯೂ ಪರೀಕ್ಷೆ ನಡೆಯಿತು. ಮಕ್ಕಳಾಟದ ಪ್ಲಾಸ್ಟಿಕ್ ಇಟ್ಟಿಗೆಗಳಂಥ ಆಕೃತಿಗಳು. ನೋಡಿದ್ದನ್ನು ನೋಡಿ ಗುರುತಿಸುವುದರಲ್ಲಿ, ಮುಟ್ಟಿದ್ದನ್ನು ಮುಟ್ಟಿ ಗುರುತಿಸುವುದರಲ್ಲಿ ಶೇ. 90ಕ್ಕೂ ಮೇಲೆ ಸರಿ. ಮುಟ್ಟಿದ್ದನ್ನು ನೋಡಿ ಗುರುತಿಸು ಎಂದಾಗ ಶೇ. 58, ಅಂದರೆ ನಾಣ್ಯ ಚಿಮ್ಮಿ ಹೇಳಿದ್ದಕ್ಕೆ ಹತ್ತಿರ. 2011ರಲ್ಲಿ ಪ್ರಕಟವಾದ ಈ ಫಲಿತಾಂಶ ಲಾಕ್ ಕಡೆಗೇ ವಾಲಿತು. ಕೆಲವೇ ದಿನಗಳಲ್ಲಿ ಮಕ್ಕಳ ಅಂಕ ಏರಿದ್ದು ಮಾತ್ರ ಯಾರೂ ಎಣಿಸಿರದ ಸಂಗತಿ.

ಕಲಿಕೆಯೇ ಎಲ್ಲ ಎಂದು ಷರಾ ಬರೆಯುವ ಹೊತ್ತಿಗೆ 2015ರಲ್ಲಿ ಇದೇ ತಂಡದ ಇನ್ನೊಂದು ವರದಿ ಬಂತು. ಆಗತಾನೇ ದೃಷ್ಟಿ ಪಡೆದ 8ರಿಂದ 16 ವರ್ಷದ ಒಂಬತ್ತು ಮಕ್ಕಳಿಗೆ ಮ್ಯುಲರ್-ಲಯರ್ ಗೆರೆಗಳನ್ನೂ, ರೈಲುಹಳಿಯಂತೆ ಒಮ್ಮುಖವಾಗುವ ಗೆರೆಗಳ ಪೊಂಝೊ ಚಿತ್ರವನ್ನೂ ತೋರಿಸಿದರು. ಆಕಾರವಿರುವ ಲೋಕವನ್ನೇ ಕಂಡಿರದ ಮಕ್ಕಳು, ಕೋಣೆಯ ಮೂಲೆಯನ್ನೂ ದೂರ ಸರಿಯುವ ರಸ್ತೆಯನ್ನೂ ನೋಡಿ ಕಲಿತಿರಲು ಸಾಧ್ಯವಿಲ್ಲದವರು, ಎರಡರಲ್ಲೂ ನಮ್ಮಂತೆಯೇ ಮೋಸಹೋದರು. ಹಾಗಾದರೆ ಕಲಹಾರಿಯ ಫಲಿತಾಂಶ ಸುಳ್ಳೆ? ಹಾಗೆನ್ನಲಾಗದು. ಭ್ರಮೆಯ ಕಾರಣ ಒಂದೇ ಇರಬೇಕಿಲ್ಲ. ಹುಟ್ಟಿನಿಂದ ಬಂದ ಲೆಕ್ಕಾಚಾರದ ಮೇಲೆ ಬದುಕಿದ ಜಾಗ ತನ್ನ ತಿದ್ದುಪಡಿ ಹಾಕಿರಬಹುದು. ಒಂಬತ್ತು ಮಕ್ಕಳ ಮೇಲೆ ಇಡೀ ಸಿದ್ಧಾಂತ ಕಟ್ಟಲು ನನಗೂ ಧೈರ್ಯವಿಲ್ಲ. ಆದರೂ ‘ಎಲ್ಲ ಅನುಭವದಿಂದ’ ಎಂಬ ಸಲೀಸು ಉತ್ತರಕ್ಕೆ ಇನ್ನು ಜಾಗವಿಲ್ಲ.

ಇದೇ ಯೋಜನೆಯ ಇನ್ನೊಂದು ಪ್ರಸಂಗ ನೋಟದ ಒಳಗನ್ನು ಇನ್ನೂ ಹತ್ತಿರದಿಂದ ತೋರಿಸುತ್ತದೆ. ಹುಟ್ಟಿನಿಂದ ಕಣ್ಣಿನಲ್ಲಿ ಮಸೂರವೇ ಇಲ್ಲದ 29 ವರ್ಷದ ಒಬ್ಬರಿಗೆ ಸರಿಯಾದ ಕನ್ನಡಕ ಸಿಕ್ಕಿತು. ಬೆಳಕು ಕಂಡಿತು, ಬಣ್ಣ ಕಂಡಿತು, ವಸ್ತು ಕಾಣಲಿಲ್ಲ. ಒಂದರ ಮೇಲೊಂದು ಹಾಯ್ದ ಎರಡು ಆಕೃತಿ ತೋರಿಸಿದರೆ ಮೂರು ತುಂಡುಗಳೆಂದರು. ಫೋಟೋ ಕೊಟ್ಟರೆ ಬಣ್ಣ, ಬೆಳಕು ಬದಲಾದಲ್ಲೆಲ್ಲ ಒಂದೊಂದು ಬೇರೆ ವಸ್ತು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ನಮಗೆ ಕೇಳದೆಯೇ ಗೊತ್ತಾಗುತ್ತದಲ್ಲ, ಆ ಗೆರೆ ಚಿತ್ರದಲ್ಲಿಲ್ಲ, ನೋಡುವವರು ಎಳೆದುಕೊಂಡದ್ದು. ಆದರೆ ಅದೇ ಆಕೃತಿಗಳು ಅಲುಗಾಡಿದ ಕೂಡಲೇ ತುಂಡುಗಳು ಸೇರಿ ಒಂದಾದವು. ಜೊತೆಗೆ ಸರಿಯುವುದೆಲ್ಲ ಒಂದೇ ವಸ್ತುವಿನದು ಎಂಬ ನಿಯಮ ಮೊದಲು ಕೈಗೆ ಸಿಕ್ಕಿತು. ಅದನ್ನು ಹಿಡಿದು ತಿಂಗಳುಗಟ್ಟಲೆ ಕಲಿತಮೇಲೆ ನಿಂತ ವಸ್ತುಗಳೂ ಬಿಡಿಬಿಡಿಯಾಗಿ ಕಾಣತೊಡಗಿದವು.

ಬಾಲ್ಯದ ಮೊದಲ ಕೆಲವು ವರ್ಷ ದಾಟಿದರೆ ಪೊರೆ ತೆಗೆದೂ ಪ್ರಯೋಜನವಿಲ್ಲ ಎಂಬ ನಂಬಿಕೆ ಬಹುಕಾಲ ಗಟ್ಟಿಯಾಗಿತ್ತು. 1960ರ ದಶಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸಲ್ ಬೆಕ್ಕಿನ ಮರಿಗಳ ಕಣ್ಣು ಮುಚ್ಚಿ ಮಾಡಿದ ಪ್ರಯೋಗಗಳು ಅದಕ್ಕೆ ಆಧಾರ. 1981ರಲ್ಲಿ ಅವರಿಗೆ ನೊಬೆಲ್ ಬಂತು. ದೆಹಲಿಯ ಮಕ್ಕಳು ಆ ನಂಬಿಕೆಯನ್ನು ಅರ್ಧ ತಿದ್ದಿದರು, ಅರ್ಧ ಉಳಿಸಿದರು. ಹದಿನೈದು ದಾಟಿದವರೂ ನೋಡಲು ಕಲಿತರು. ಆದರೆ ನೋಟದ ಸೂಕ್ಷ್ಮತೆ ನಮ್ಮ ಮಟ್ಟಕ್ಕೆ ಬರಲಿಲ್ಲ, ದೊಡ್ಡ ಅಕ್ಷರಗಳೇ ಅವರಿಗೆ ಆಧಾರ. ಅದಕ್ಕೇ ಕಣ್ಣಿನ ವೈದ್ಯರು ಎರಡೂ ಕಣ್ಣಿಗೆ ದಟ್ಟ ಪೊರೆಯಿರುವ ಶಿಶುವಿಗೆ ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಶಸ್ತ್ರಚಿಕಿತ್ಸೆ ಆಗಬೇಕೆನ್ನುತ್ತಾರೆ. ಮನೆಯವರಿಗೆ ಸಿಗುವ ಮೊದಲ ಸುಳಿವು ಕೆಲವೊಮ್ಮೆ ಮೊಬೈಲಿನಲ್ಲೇ ಇರುತ್ತದೆ: ಫ್ಲ್ಯಾಷ್ ಹಾಕಿ ತೆಗೆದ ಫೋಟೋದಲ್ಲಿ ಕೂಸಿನ ಪಾಪೆ ಕೆಂಪಾಗಿಯೋ ಕಪ್ಪಾಗಿಯೋ ಇರದೆ ಬೆಳ್ಳಗೆ ಹೊಳೆದರೆ, ಫೋಟೋ ಕೆಟ್ಟಿದೆ ಎಂದು ಅಳಿಸದೆ ಅದನ್ನೇ ಕಣ್ಣಿನ ವೈದ್ಯರಿಗೆ ತೋರಿಸಬೇಕು.